ಕಪ್ಪು ಕನ್ನಡಿಯೇ ಬೇಕೇ, ಆಫ್ ಮಾಡಿದ ಮೊಬೈಲ್ ಪರದೆ ಸಾಕೇ?

ಈ ಗೊಂದಲ ನನಗೂ ಇತ್ತು, ಹಾಗಾಗಿ ನೇರವಾಗಿ ಹೇಳುತ್ತೇನೆ. ಸ್ಕ್ರೈಯಿಂಗ್‌ಗೆ ಅಂದರೆ ಹೊಳೆಯುವ ಮೈಯನ್ನು ದಿಟ್ಟಿಸಿ ಅದರಲ್ಲಿ ದೃಶ್ಯ ಕಾಣುವ ಅಭ್ಯಾಸಕ್ಕೆ, ಕಪ್ಪು ಕನ್ನಡಿ ತರಬೇಕೇ, ಆಫ್ ಮಾಡಿದ ಮೊಬೈಲ್ ಸಾಕೇ, ಮೇಣದಬತ್ತಿಯ ಬದಲು ಎಲ್‌ಇಡಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಹಳೆಯದು ಶುದ್ಧ, ಹೊಸದು ಅಡ್ಡದಾರಿ ಎಂದುಕೊಂಡೇ ಕೇಳಿದ ಹಾಗಿದೆ. ಅದನ್ನು ನಾನು ಒಪ್ಪುವುದಿಲ್ಲ.

ಎಲ್ಲರೂ ಪರಂಪರೆಯೆಂದು ತೋರಿಸುವುದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಇಂಗ್ಲೆಂಡಿನ ಗಣಿತಜ್ಞ-ಜ್ಯೋತಿಷಿ ಜಾನ್ ಡೀಯದ್ದೆಂದು ಹೇಳುವ ಅಬ್ಸಿಡಿಯನ್ (ಜ್ವಾಲಾಮುಖಿಯ ಕಪ್ಪು ಗಾಜುಗಲ್ಲು) ಕನ್ನಡಿಯನ್ನು. ಆ ಕಲ್ಲು ಮೆಕ್ಸಿಕೋದ ಪಚೂಕಾ ಪ್ರದೇಶದ್ದೆಂದು 2021ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. 16ನೇ ಶತಮಾನದ ಇಂಗ್ಲೆಂಡಿಗೆ ಅದು ಕಡಲಾಚೆಯಿಂದ ಬಂದ ಹೊಸ ಸಾಮಾನು. ನಮ್ಮಲ್ಲಿ ಅಂಜನ ಹಾಕುವವರಿಗೆ ವೀಳ್ಯದೆಲೆಗೋ ಮಗುವಿನ ಹೆಬ್ಬೆರಳ ಉಗುರಿಗೋ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಬಳಿದರೆ ಸಾಕಿತ್ತು. ಬೇಕಾದದ್ದು ಹೊಳೆಯುವ ಕಪ್ಪು ಮೈ, ಅಷ್ಟೇ. ಆಫ್ ಆದ ಪರದೆಗೂ ಅದಿದೆ.

ತೊಂದರೆ ಇರುವುದು ಪರದೆ ಮತ್ತೆ ಬೆಳಗುವುದರಲ್ಲಿ. "ಏನೂ ಕಾಣಲಿಲ್ಲ" ಎಂದು ಕೈಬಿಡುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ, ನಾನು ಎಡವಿದ್ದೂ ಇಲ್ಲೇ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವುದು ಕಣ್ಣಿನ ರಾಡ್ ಕೋಶಗಳು. ಅವು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು, ಯಾಕೆಂದರೆ ಬೆಳಕಿಗೆ ಒಡೆದುಹೋದ ರೊಡಾಪ್ಸಿನ್ (ಅವುಗಳಲ್ಲಿರುವ, ಬೆಳಕು ಹೀರುವ ವಸ್ತು) ಮತ್ತೆ ಕೂಡಿಕೊಳ್ಳುವುದು ನಿಧಾನ. ಎಷ್ಟು ಹೊತ್ತಾಯಿತೆಂದು ಪೂರ್ತಿ ಬೆಳಕಿನ ಪರದೆಯನ್ನು ಒಮ್ಮೆ ನೋಡಿದರೂ ಆ ಹೊಂದಿಕೆ ಕೆಡುತ್ತದೆ, ಮತ್ತೆ ಹಲವು ನಿಮಿಷ ಕಾಯಬೇಕು. ರಾಡ್‌ಗಳು ಹೆಚ್ಚು ಸ್ಪಂದಿಸುವುದು ನೀಲಿ-ಹಸಿರು ಬೆಳಕಿಗೆ. ಪರದೆಯ ಬಿಳಿ ಬೆಳಕಿನಲ್ಲಿ ಅದು ಧಾರಾಳವಾಗಿದೆ. ನೈಟ್ ಮೋಡ್ ಹಾಕಿದರೆ ಹಾನಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕೈಗೆತ್ತಿಕೊಂಡ ಕೂಡಲೇ ಪರದೆ ಬೆಳಗುವ ಸೆಟ್ಟಿಂಗ್, ನೋಟಿಫಿಕೇಶನ್, ಚಾರ್ಜಿಂಗ್‌ನ ಚುಕ್ಕೆ, ಎಲ್ಲವೂ ಇದೇ ಕೆಲಸ ಮಾಡುತ್ತವೆ. ಕತ್ತಲೆಗೆ ಒಗ್ಗಿದ ಕಣ್ಣು, ಕದಲದ ನೋಟ, ಎರಡೂ ಕೂಡಿದಾಗಲೇ ಮೇಲ್ಮೈ ಮಂಜಾಗುತ್ತದೆ. ನೋಟ ಒಂದೇ ಕಡೆ ನಿಂತರೆ ಅಂಚಿನ ರೂಪಗಳು ಅಳಿಸಿಹೋಗುವುದನ್ನು ಸ್ವಿಸ್ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಬರೆದಿದ್ದಾನೆ. ಕತ್ತಲ ಹೊಂದಿಕೆ ಕೆಟ್ಟರೆ ಅಬ್ಸಿಡಿಯನ್ ತಂದರೂ ಉಪಯೋಗವಿಲ್ಲ.

ಹೊತ್ತು ಅಳೆಯಲು ಅಗರಬತ್ತಿ ಹಚ್ಚಿ, ನಿಮ್ಮ ಬೆನ್ನ ಹಿಂದೆ ಇಡಿ. ಒಂದು ಕಡ್ಡಿ ಎಷ್ಟು ಹೊತ್ತು ಉರಿಯುತ್ತದೆಂದು ಹಗಲಲ್ಲೇ ನೋಡಿಕೊಂಡು, ಬೇಕಾದಷ್ಟಕ್ಕೆ ಮುರಿಯಿರಿ. ಕಡ್ಡಿ ಆರಿದಾಗ ಹೊತ್ತು ಮುಗಿಯಿತು.

ಕನ್ನಡಿ ಮನೆಯಲ್ಲೇ ಮಾಡಿ. ಕೊಳ್ಳುವ ಕನ್ನಡಿಗೆ ಸಾವಿರಗಟ್ಟಲೆ ಸುರಿಯುವುದು ದಂಡ. ಗಾಜಿನಂಗಡಿಯಲ್ಲಿ 8×10 ಇಂಚಿನ ಫೋಟೋ ಗಾಜು ಕೊಯ್ಸಿ, ಅಂಚು ಉಜ್ಜಿಸಿ. ಹಳೆಯ ಗೋಡೆ ಗಡಿಯಾರದ ಉಬ್ಬುಗಾಜು ಸಿಕ್ಕರೆ ಇನ್ನೂ ಒಳ್ಳೆಯದು: ಉಬ್ಬಿದ ಕಡೆ ಬಣ್ಣ ಹೊಡೆದು ತಗ್ಗಿದ ಕಡೆಯಿಂದ ನೋಡಬೇಕು. ಹಿಂಬದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಕಪ್ಪು ಸ್ಪ್ರೇ ಪೇಂಟನ್ನು 25-30 ಸೆಂ.ಮೀ. ದೂರದಿಂದ ತೆಳ್ಳಗೆ ಮೂರು ನಾಲ್ಕು ಸಲ ಹೊಡೆಯಿರಿ, ನಡುವೆ 20 ನಿಮಿಷ ಬಿಡಿ. ಮೊದಲ ಸಲವೇ ದಪ್ಪಗೆ ಹೊಡೆದರೆ ಬಣ್ಣ ಜಾರಿ ಗೆರೆ ಬೀಳುತ್ತದೆ. ಮಳೆಗಾಲದ ತೇವದಲ್ಲಿ ಹಾಲಿನಂತೆ ಮಬ್ಬಾಗುತ್ತದೆ, ಬಿಸಿಲಿನ ದಿನ ಕಾಯಿರಿ. ಬಲ್ಬಿಗೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿದರೂ ಇನ್ನೊಂದು ಸಲ ಹೊಡೆಯಬೇಕು.

ಮೊಬೈಲೇ ಬೇಕೆಂದರೆ, ಇನ್ನು ಆನ್ ಆಗದ ಹಳೆಯ ಟ್ಯಾಬ್ ಬಳಸಿ. ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಗೀಚಿದ ಸ್ಕ್ರೀನ್ ಗಾರ್ಡ್ ಕಿತ್ತುಹಾಕಿ, ಬೆರಳಿನ ಜಿಡ್ಡು ಒರೆಸಿ.

ಕನ್ನಡಿಯನ್ನು ಕಪ್ಪು ಬಟ್ಟೆಯ ಮೇಲೆ, ಕಣ್ಣಿಂದ 40-50 ಸೆಂ.ಮೀ. ದೂರದಲ್ಲಿ, ನಿಮ್ಮ ಮುಖವಲ್ಲ, ಕತ್ತಲ ಸೂರು ಪ್ರತಿಫಲಿಸುವ ಹಾಗೆ ಓರೆಯಾಗಿಡಿ. ದೀಪ ಹಿಂದೆ, ಕೆಳಗೆ, ಕನ್ನಡಿಯಲ್ಲಿ ಕಾಣದಂತೆ. ಎಲ್‌ಇಡಿ ಖಂಡಿತ ನಡೆಯುತ್ತದೆ. ಬಾಡಿಗೆ ರೂಮಿನಲ್ಲಿ, ಪರದೆ ಬಟ್ಟೆಯ ಪಕ್ಕದಲ್ಲಿ, ಅದೇ ಸರಿ. ಅಗ್ಗದವು ಒಂದೇ ಲಯದಲ್ಲಿ ಮಿನುಗಿ ಗಮನ ಸೆಳೆಯುತ್ತವೆ, ಮಿನುಗದ ಹಳದಿ ಬೆಳಕಿನದ್ದನ್ನು ತಂದು ಕಾಗದ ಸುತ್ತಿ.

ತಂತ್ರಜ್ಞಾನ ನಿಜಕ್ಕೂ ಗೆಲ್ಲುವುದು ಬರೆದುಕೊಳ್ಳುವುದರಲ್ಲಿ. ಡೀ ತಾನು ನೋಡುತ್ತಿರಲಿಲ್ಲ. ಜೊತೆಗಾರ ಎಡ್ವರ್ಡ್ ಕೆಲ್ಲಿ ನೋಡಿ ಹೇಳಿದ್ದನ್ನು ಡೀ ಬರೆಯುತ್ತಿದ್ದ. ಒಬ್ಬರೇ ಕೂತವರು ಬರೆಯಲು ದೀಪ ಹಚ್ಚಿದರೆ ಕತ್ತಲು ಕೆಟ್ಟಿತು. ಏರೋಪ್ಲೇನ್ ಮೋಡ್‌ನಲ್ಲಿ ರೆಕಾರ್ಡಿಂಗ್ ಶುರುಮಾಡಿ, ಫೋನನ್ನು ಬಟ್ಟೆಯಲ್ಲಿ ಸುತ್ತಿ ದೂರ ಮಗುಚಿಡಿ, ಆಮೇಲೆ ಕತ್ತಲೆಗೆ ಕೂತು ಕಂಡದ್ದನ್ನು ಬಾಯಿಬಿಟ್ಟು ಹೇಳಿ. ಮರುದಿನ ಕೇಳಿಕೊಂಡು ಪುಸ್ತಕಕ್ಕೆ ಇಳಿಸಿ.

ಇನ್ನೊಂದು ಮಾತು, ಇದು ಕಟ್ಟುನಿಟ್ಟು. ಕಳುವಾದದ್ದನ್ನು ಹುಡುಕಲು ಇದನ್ನು ಬಳಸಿ ಯಾರ ಹೆಸರನ್ನೂ ಹೇಳಬೇಡಿ. ಮಂದ ಬೆಳಕಿನಲ್ಲಿ ಕನ್ನಡಿ ನೋಡುತ್ತ ಕೂತ ಸಾಮಾನ್ಯ ಜನರಿಗೂ ಅಪರಿಚಿತ ಮುಖಗಳು ಕಾಣುತ್ತವೆಂದು ಇಟಲಿಯ ಮನಶ್ಶಾಸ್ತ್ರಜ್ಞ ಜಿಯೊವಾನಿ ಕಪುಟೊ 2010ರಲ್ಲಿ ಪ್ರಕಟಿಸಿದ್ದಾರೆ. ಕಂಡ ಮುಖ ಸಾಕ್ಷಿಯಲ್ಲ. ಮೂರ್ಛೆ ರೋಗ ಇರುವವರು, ಇಲ್ಲದ್ದು ಕಾಣುವ, ಕೇಳುವ ಮಾನಸಿಕ ತೊಂದರೆ ಅನುಭವಿಸಿದವರು ಇದಕ್ಕೆ ಕೂರುವುದೇ ಬೇಡ.