ನೈರೋಬಿಗೆ ಅಮ್ಮ, ಮಗಳನ್ನೂ ಕರೆದುಕೊಂಡು ಹೋಗಲೇ?

ಮೈಸೂರಿನ ಕುವೆಂಪುನಗರದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಕಂಪನಿ ಅವರನ್ನು ಜೂನ್ 20ರಿಂದ ಮೂರು ವಾರ ಕೆನ್ಯಾದ ನೈರೋಬಿಗೆ ಕಳಿಸುತ್ತಿದೆ. ಇರಲು ಫ್ಲಾಟ್ ಕೊಡುತ್ತದೆ. ಏಳು ವರ್ಷದ ಮಗಳನ್ನೂ, ಅವಳನ್ನು ನೋಡಿಕೊಳ್ಳಲು ತಾಯಿಯನ್ನೂ ಕರೆದುಕೊಂಡು ಹೋಗಿ, ಶನಿವಾರ ಭಾನುವಾರ ಮಸಾಯ್ ಮಾರಾ ಅಭಯಾರಣ್ಯದ ಸಿಂಹ ತೋರಿಸುವ ಆಸೆ ಅವರಿಗೆ. ಯಜಮಾನರು ಟಿವಿಯಲ್ಲಿ ಕಂಡ ಬೆಂಕಿ ನೆನೆಸಿಕೊಂಡು ಬೇಡ ಅನ್ನುತ್ತಿದ್ದಾರಂತೆ. "ನೀವೇ ಹೇಳಿ ಸರ್, ಅಷ್ಟು ಹೆದರಬೇಕಾ?"

ಉತ್ತರ: ಯಜಮಾನರು ಕಂಡ ಬೆಂಕಿ ಸುಳ್ಳಲ್ಲ. 2024ರ ಜೂನ್ 25ರಂದು ಹೊಸ ತೆರಿಗೆ ಮಸೂದೆ ಬೇಡವೆಂದು ಜನ ನೈರೋಬಿಯ ಸಂಸತ್ತಿಗೇ ನುಗ್ಗಿದರು. ಕಟ್ಟಡದ ಒಂದು ಭಾಗಕ್ಕೆ ಬೆಂಕಿ ಬಿತ್ತು. ಪೊಲೀಸರ ಗುಂಡಿಗೆ ಜನ ಸತ್ತರು. ಮಾರನೇ ದಿನ ಅಧ್ಯಕ್ಷ ವಿಲಿಯಂ ರೂಟೊ ಮಸೂದೆಗೆ ಸಹಿ ಹಾಕಲ್ಲ ಅಂದರು. 2025ರ ಜೂನ್ 25ಕ್ಕೆ, ಸತ್ತವರ ನೆನಪಿನಲ್ಲಿ, ಜನ ಮತ್ತೆ ಬೀದಿಗಿಳಿದರು. ಮತ್ತೆ ಸಾವು. ಜುಲೈ 7ಕ್ಕೆ ಇನ್ನೊಂದು ಸುತ್ತು. ಆ ದಿನಕ್ಕೆ ಅಲ್ಲಿ 'ಸಬಾ ಸಬಾ' ಅನ್ನುತ್ತಾರೆ. ಸ್ವಾಹಿಲಿಯಲ್ಲಿ ಏಳು-ಏಳು. 1990ರಲ್ಲಿ ಒಂದೇ ಪಕ್ಷದ ಆಳ್ವಿಕೆ ಸಾಕೆಂದು ಜನ ಎದ್ದ ದಿನ ಅದು. ಈಗ ನಿಮ್ಮ ಮೂರು ವಾರ ಲೆಕ್ಕ ಹಾಕಿ ನೋಡಿ. ಎರಡು ತಾರೀಖೂ ಅದರೊಳಗೇ ಇವೆ.

ಹಾಗಂತ ಕೆನ್ಯಾ ಪೂರ್ತಿ ಹೊತ್ತಿ ಉರಿಯುತ್ತದೆ ಅಂತಲ್ಲ. 2016ರ ಸೆಪ್ಟೆಂಬರಿನ ಕಾವೇರಿ ಗಲಾಟೆ ನೆನಪಿದೆ ಅಲ್ವಾ? ಬೆಂಗಳೂರಲ್ಲಿ ಬಸ್ಸುಗಳು ಉರಿಯುವುದನ್ನು ಟಿವಿಯಲ್ಲಿ ನೋಡಿ ದಿಲ್ಲಿಯಿಂದ ನನ್ನ ಅಣ್ಣ ಗಾಬರಿಯಿಂದ ಫೋನ್ ಮಾಡಿದ. ಸರಸ್ವತಿಪುರಂ ಮನೆಯಲ್ಲಿ ಅಮ್ಮ ನೆಮ್ಮದಿಯಾಗಿ ಹೂ ಕಟ್ಟುತ್ತಿದ್ದರು. ನಾನು ಮಾತ್ರ ಮನೆಯಲ್ಲಿರಲಿಲ್ಲ. ಬೆಂಗಳೂರಿಂದ ಹೊರಟವನು ಮದ್ದೂರಿನ ಹತ್ತಿರ ಸಿಕ್ಕಿಕೊಂಡಿದ್ದೆ. ರಸ್ತೆ ತುಂಬ ಟೈರಿನ ಹೊಗೆ. ನಮ್ಮನ್ನು ಯಾರೂ ಮುಟ್ಟಲಿಲ್ಲ. ಮುಂದೆ ಹೋಗಲೂ ಬಿಡಲಿಲ್ಲ. ಪಕ್ಕದ ಸೀಟಿನ ಹೆಣ್ಣುಮಗಳ ಕೂಸಿಗೆ ಹಾಲು ಹುಡುಕುವಷ್ಟರಲ್ಲಿ ಸಂಜೆಯಾಗಿತ್ತು.

ಗಲಾಟೆಯಲ್ಲಿ ಮೊದಲು ಕೈಕೊಡುವುದು ರಸ್ತೆ. 2025ರ ಸಬಾ ಸಬಾ ದಿನ ನೈರೋಬಿಗೆ ಬರುವ ದೊಡ್ಡ ರಸ್ತೆಗಳನ್ನು ಪೊಲೀಸರೇ ಅಡ್ಡಗಟ್ಟಿದ್ದರು. ಅಂಥ ದಿನ ನೀವು ಆಫೀಸಿನಲ್ಲಿ, ಅಮ್ಮ ಮತ್ತು ಮಗಳು ಫ್ಲಾಟಿನಲ್ಲಿ. ಅಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ ಅಂತ ನೀವೇ ಬರೆದಿದ್ದೀರಿ. ಕಂಪನಿಯ ಕಾರು, ಡ್ರೈವರು, ವಿಮೆ ಎಲ್ಲ ನಿಮ್ಮ ಹೆಸರಿಗೆ. ಪರಿಸ್ಥಿತಿ ಕೆಟ್ಟು ಕಂಪನಿ ತನ್ನವರನ್ನು ವಾಪಸ್ ಕರೆಸಿಕೊಂಡರೆ ನಿಮಗೆ ಸಿಗುವುದು ಒಂದು ಸೀಟು. ನೀವು ಹತ್ತುತ್ತೀರಾ?

ನಮ್ಮ ಜಿಲ್ಲೆಯವರಿಗೆ ಇದು ಹೊಸದೂ ಅಲ್ಲ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ, ಗಿಡಮೂಲಿಕೆ ಮಾರಲು ಹೋಗಿದ್ದ ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಅಲ್ಲೇ ಸಿಕ್ಕಿಬಿದ್ದರು. ನಮ್ಮವರನ್ನು ವಾಪಸ್ ಕರೆತರುವ ಸರ್ಕಾರದ 'ಆಪರೇಷನ್ ಕಾವೇರಿ' ಶುರುವಾಗಿದ್ದು ಏಪ್ರಿಲ್ 24ಕ್ಕೆ. ಒಂಬತ್ತು ದಿನ! ಕೆನ್ಯಾ ಸುಡಾನ್ ಅಲ್ಲ, ಗೊತ್ತು. ಆದರೂ ಸಹಾಯ ಬರುವವರೆಗೆ ಅಕ್ಕಿ, ನೀರು, ಔಷಧಿ ನಮ್ಮದೇ ಜವಾಬ್ದಾರಿ.

ಇನ್ನು ಖರ್ಚಿನ ಮಾತು. 'ಹೇಗೂ ಹೋಗುತ್ತಿದ್ದೇನಲ್ಲ' ಅಂತ ಬರೆದಿದ್ದೀರಿ. ಇದರಲ್ಲಿ ಉಳಿಯುವುದು ನಿಮ್ಮ ಟಿಕೆಟ್ಟು, ಫ್ಲಾಟಿನ ಬಾಡಿಗೆ, ಅಷ್ಟೇ. ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ ಬೇಕು, ಬರಲೂ ಅಷ್ಟೇ. ಶನಿವಾರ ಭಾನುವಾರ ಜೀಪಿನಲ್ಲೇ ಕಳೆದುಹೋಗುತ್ತದೆ.

ನನ್ನ ಮಾತು ಕೇಳುವುದಾದರೆ ಕೆಲಸ ಮತ್ತು ಪ್ರವಾಸ ಒಂದರ ಮೇಲೊಂದು ಬೀಳದ ಹಾಗೆ ಮಾಡಿ. ಮೊದಲು ಒಬ್ಬರೇ ಹೋಗಿ. ಸಬಾ ಸಬಾ ಕಳೆಯಲಿ, ಕೆಲಸ ಮುಗಿಯಲಿ. ಅಷ್ಟರಲ್ಲಿ ಊರು ಹೇಗಿದೆ ಅಂತ ನಿಮಗೇ ಗೊತ್ತಾಗಿರುತ್ತದೆ. ಚೆನ್ನಾಗಿದ್ದರೆ ಜುಲೈ ಎರಡನೇ ವಾರ ಕರೆಸಿಕೊಳ್ಳಿ. ಯಜಮಾನರೂ ಜೊತೆಗೆ ಬರಲಿ, ಹೆದರಿಕೆಯೂ ಹೋಗುತ್ತದೆ. ನೈರೋಬಿಯಲ್ಲಿ ಸುಮ್ನೆ ಉಳಿಯದೆ, ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ನೇರ ಮಾರಾಕ್ಕೆ ಹೋಗಿಬಿಡಿ. ವೈಲ್ಡ್‌ಬೀಸ್ಟ್ ಅನ್ನುವ ದೊಡ್ಡ ಹುಲ್ಲೆಗಳ ಹಿಂಡು ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯಿಂದ ಮಾರಾ ನದಿ ದಾಟಿ ಬರುವುದೂ ಸಾಮಾನ್ಯವಾಗಿ ಜುಲೈನಿಂದಲೇ. ಜೂನ್‌ನಲ್ಲಿ ಸ್ಕೂಲು ಶುರುವಾದ ತಕ್ಷಣ ಮೂರು ವಾರ ತಪ್ಪಿಸುವುದಕ್ಕಿಂತ ಜುಲೈಯಲ್ಲಿ ಒಂದು ವಾರ ತಪ್ಪಿಸಿದರೆ ಟೀಚರ್ ಕೂಡ ಕಡಿಮೆ ಬಯ್ಯುತ್ತಾರೆ. ಮನೆಯವರ ವಿಮೆ ಬೇರೆ ಮಾಡಿಸಿ. ಗಲಭೆಯಿಂದಾದ ನಷ್ಟಕ್ಕೆ ಕೊಡುತ್ತಾರಾ, ಬರಹದಲ್ಲಿ ಕೇಳಿ. ಅನೇಕ ಪಾಲಿಸಿಗಳು ಕೊಡುವುದಿಲ್ಲ. ನೈರೋಬಿಯ ಭಾರತೀಯ ಹೈಕಮಿಷನ್ ನಂಬರು ಎಲ್ಲರ ಫೋನಿನಲ್ಲೂ ಇರಲಿ. ಒಂದು ಚೀಟಿಯಲ್ಲೂ ಬರೆದಿಡಿ.

ಅಮ್ಮನ ವಯಸ್ಸು ನೀವು ಬರೆದಿಲ್ಲ. ಕೆನ್ಯಾದಿಂದ ಭಾರತಕ್ಕೆ ಮರಳುವವರು ಹಳದಿ ಜ್ವರದ ಲಸಿಕೆಯ ಕಾರ್ಡು ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿದ ಹತ್ತು ದಿನದ ನಂತರವೇ ಆ ಕಾರ್ಡಿಗೆ ಬೆಲೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. 60 ದಾಟಿದವರಿಗೆ ಅಪರೂಪಕ್ಕೆ ಅದರಿಂದಲೇ ತೊಂದರೆಯಾಗುವುದುಂಟು. ಟಿಕೆಟ್ ನೋಡುವ ಮೊದಲು ಅಮ್ಮನ ಡಾಕ್ಟರನ್ನು ಕೇಳಿ. ಅಮ್ಮನನ್ನೂ ಕೇಳಿ. ಸಿಂಹ ನೋಡುವ ಆಸೆ ಅವರಿಗೂ ಇದೆಯಾ ಅಂತ ಕಾಗದದಲ್ಲಿ ಎಲ್ಲೂ ಕಾಣಲಿಲ್ಲ.