ಆ ನಲವತ್ತು ದಿನ ಯಾರು ನೋಡಿಕೊಳ್ಳಬೇಕು?

ಮುಂಬಯಿ ಬಳಿಯ ಡೊಂಬಿವಲಿಯಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದ ಪತ್ರದ ಸಾರ ಇಷ್ಟು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವವರ 11 ಮಕ್ಕಳಿಗೆ ಈ ಅಧಿಕಾರಿಯ ಸಂಘ ಕಳೆದ ವರ್ಷ ಟ್ಯಾಲಿ ಎಂಬ ಕಂಪ್ಯೂಟರ್ ಲೆಕ್ಕಪತ್ರ, ಇಂಗ್ಲಿಷ್ ಕಲಿಸಿ ಕೆಲಸವನ್ನೂ ಕೊಡಿಸಿತು. ತಿಂಗಳು ತುಂಬುವ ಮೊದಲೇ ನಾಲ್ವರು ಬಿಟ್ಟರು. ‘ಈ ಹುಡುಗರಿಗೆ ದುಡಿಯುವ ಛಲವೇ ಇಲ್ಲ. ಆ ದುಡ್ಡನ್ನು ಪ್ರತಿಭಾ ಪುರಸ್ಕಾರಕ್ಕೆ ಕೊಡುವುದು ಲೇಸಲ್ಲವೇ?’ ಎಂದು ಅವರ ಪ್ರಶ್ನೆ.

ಸ್ವಾಮಿ, ನಿಮ್ಮ ಬೇಸರ ಸುಳ್ಳಲ್ಲ. ಸಮಯಕ್ಕೆ ಸರಿಯಾಗಿ ಹೋಗದ, ಒಂದು ಮಾತಿಗೆ ಮುನಿಸಿಕೊಂಡು ಹೊರಬರುವ ಹುಡುಗರನ್ನು ನಾನೂ ಕಂಡಿದ್ದೇನೆ. ಆದರೆ ನಾಲ್ವರು ಬಿಟ್ಟರು ಎಂದು ಬರೆದ ನೀವು ಏಕೆ ಬಿಟ್ಟರು ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಎರಡು ಪುಟದ ಪತ್ರವನ್ನು ನಾನು ಮೂರು ಸಲ ಓದಿ ಹುಡುಕಿದೆ.

ಐದಾರು ವರ್ಷದ ಹಿಂದಿನ ಮಾತು. ಮುಂಬಯಿಯ ಮಾನ್‌ಖುರ್ದ್‌ನ ಹುಡುಗನೊಬ್ಬ, ಐಟಿಐನಲ್ಲಿ ವೈರ್‌ಮನ್ ಓದಿದವನು. ನವಿ ಮುಂಬಯಿಯ ತುರ್ಭೆಯ ಒಂದು ಕಾರ್ಖಾನೆಗೆ ನಾನೇ ಮಾತಾಡಿ ಸೇರಿಸಿದ್ದೆ. ಹತ್ತೊಂಬತ್ತನೆಯ ದಿನ ಮಾಲೀಕರ ಫೋನು: ‘ನಿಮ್ಮ ಹುಡುಗ ಬರುತ್ತಿಲ್ಲ.’ ನನಗೆ ಸಿಟ್ಟು ಬಂತು, ಅವನ ಮನೆಗೇ ಹೋದೆ. ತಗಡಿನ ಮನೆ, ಬಾಗಿಲ ಬಳಿ ಅವನ ಕಪ್ಪು ಶೂ. ಕಾರ್ಖಾನೆಯ ಗೇಟಿನಲ್ಲಿ ಚಪ್ಪಲಿಗೆ ಪ್ರವೇಶವಿಲ್ಲ ಎಂದು ಚಿಕ್ಕಪ್ಪನಿಂದ ಇಸಿದುಕೊಂಡದ್ದು. ಎರಡು ನಂಬರ್ ದೊಡ್ಡದು, ಮುಂದೆ ಪತ್ರಿಕೆಯ ಹಾಳೆ ತುರುಕಿತ್ತು. ಹಿಮ್ಮಡಿಯ ಹುಣ್ಣು ತೋರಿಸಿದ. ಅದೂ ಕಾರಣವಲ್ಲ. ವಾಶಿಯಲ್ಲಿ ರೈಲು ಬದಲಿಸಿ ಹೋಗಬೇಕು. ತಿಂಗಳ ಪಾಸ್ ತೆಗೆಸಲು ದುಡ್ಡಿಲ್ಲದೆ ದಿನಾ ಟಿಕೆಟ್ ತೆಗೆಯುತ್ತಿದ್ದ. ತಾಯಿಗೆ ಜ್ವರ ಬಂದು ಮನೆಗೆಲಸ ನಿಂತಿತು, ಟಿಕೆಟ್ಟೂ ನಿಂತಿತು. ‘ಅಣ್ಣಾ, ಪಗಾರ ಬರೋದು ಹತ್ತನೇ ತಾರೀಕಿಗೆ. ಅಲ್ಲೀ ತನಕ ಹೆಂಗ ಹೋಗ್ಲಿ?’ ಅಂದ.

ಒಂದನೇ ತಾರೀಕು ಸೇರಿದವನಿಗೆ ಮೊದಲ ಸಂಬಳ ಸಿಗುವುದು ಮುಂದಿನ ತಿಂಗಳು ಹತ್ತಕ್ಕೆ. ನಲವತ್ತು ದಿನ. ನನ್ನ ನಿಮ್ಮ ಮಕ್ಕಳಿಗೆ ಆ ನಲವತ್ತು ದಿನ ಅಪ್ಪ ಇರುತ್ತಾನೆ. ಈ ಹುಡುಗರು ಅಷ್ಟು ದಿನ ಕೂಲಿಯಾಳುಗಳು ಕೆಲಸಕ್ಕೆ ಕಾಯುವ ನಾಕಾದಲ್ಲಿ ನಿಂತು ಕೂಲಿಗೆ ಹೋಗಿದ್ದರೆ ಪ್ರತಿ ಸಂಜೆ ಕೈಗೆ ಕಾಸು ಬರುತ್ತಿತ್ತು. ಅದನ್ನು ಬಿಟ್ಟು ಕೆಲಸಕ್ಕೆ ಸೇರಿದವನಲ್ಲಿ ಛಲವಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮುಂಬಯಿ ಕನ್ನಡಿಗರಾದ ನಾವು ಇದನ್ನು ಮರೆಯಬಾರದಿತ್ತು. ಕಳೆದ ಶತಮಾನದಲ್ಲಿ ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಮೊಗವೀರ, ಗುರುನಾರಾಯಣ ಮುಂತಾದ ರಾತ್ರಿ ಶಾಲೆಗಳಲ್ಲಿ ಓದಿ ವಕೀಲರಾದರು, ಬ್ಯಾಂಕು ಸೇರಿದರು. ವೇದಿಕೆ ಸಿಕ್ಕಾಗಲೆಲ್ಲ ಅವರ ಛಲವನ್ನು ಹೊಗಳುತ್ತೇವೆ. ಅವರಿಗೆ ಎರಡು ಹೊತ್ತು ಊಟ ಇತ್ತು, ಮಲಗಲು ಹೋಟೆಲಿನ ಮಾಳಿಗೆ ಇತ್ತು, ಸಂಜೆ ‘ಹೋಗು ಮಾರಾಯ, ಶಾಲೆಗೆ ಹೊತ್ತಾಯ್ತು’ ಎನ್ನುವ ಧಣಿ ಕೆಲವರಿಗಾದರೂ ಇದ್ದ. ಹುಡುಗ ಎರಡು ದಿನ ಕಾಣದಿದ್ದರೆ ಊರಿನವನೊಬ್ಬ ಹುಡುಕಿಕೊಂಡು ಬರುತ್ತಿದ್ದ. ಇಂದು ನಾವು ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆಸಿ ಕಳಿಸುತ್ತೇವೆ, ಆಮೇಲೆ ಯಾರೂ ಹುಡುಕುವುದಿಲ್ಲ.

ಮಹಾರಾಷ್ಟ್ರ ಸರಕಾರ 2024ರಲ್ಲಿ ಯುವ ಕಾರ್ಯ ತರಬೇತಿ ಯೋಜನೆ ತಂದು, ಹನ್ನೆರಡನೇ ತರಗತಿ ಪಾಸಾದವರಿಗೆ ತಿಂಗಳಿಗೆ 6,000, ಐಟಿಐ, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿ ಎಂದಾಗ ಬಿಟ್ಟಿ ಭಾಗ್ಯ ಎಂದು ಆಡಿಕೊಂಡವರು ನಮ್ಮಲ್ಲೇ ಇದ್ದರು. ಆರು ತಿಂಗಳ ತರಬೇತಿ ಮುಗಿದ ನಂತರ ಕೆಲಸ ಎಲ್ಲಿ ಎಂಬ ಪ್ರಶ್ನೆ ನ್ಯಾಯವೇ. ಆದರೆ ಕಲಿಯುವವನಿಗೂ ಹೊಟ್ಟೆಯಿದೆ ಎಂದು ಒಪ್ಪಿದ್ದು ತಪ್ಪೆನ್ನಲಾರೆ. ಕೆಲಸ ಮಾಡುತ್ತಲೇ ಕಲಿಯುವವರಿಗಾಗಿ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು 2019ರ ನಿಯಮ ಹೇಳುತ್ತದೆ, ಸ್ಟೈಪೆಂಡ್ ಕೊಟ್ಟು. ನಮ್ಮ ಸಂಘಗಳ ಪದಾಧಿಕಾರಿಗಳಲ್ಲಿ ಉದ್ಯಮಿಗಳು ಎಷ್ಟಿಲ್ಲ! ತಮ್ಮ ಕಂಪನಿಯಲ್ಲಿ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆಂದು ವಾರ್ಷಿಕೋತ್ಸವದ ವೇದಿಕೆಯಲ್ಲಿ ಹೇಳಿದ ಒಬ್ಬರನ್ನೂ ನಾನು ಕೇಳಿಲ್ಲ.

ಪ್ರತಿಭಾ ಪುರಸ್ಕಾರದ ಮಾತೆತ್ತಿದ್ದೀರಿ. ನೂರಕ್ಕೆ ತೊಂಬತ್ತು ಅಂಕ ತೆಗೆದವನಿಗೆ ಶಾಲೆ, ಕ್ಲಾಸು, ಮನೆ ಎಲ್ಲವೂ ಶಾಲು ಹೊದೆಸುತ್ತವೆ. ಗಣಿತದಲ್ಲಿ ನಪಾಸಾಗಿ ಸಿಮೆಂಟ್ ಹೊರುತ್ತಿರುವ ಹದಿನೆಂಟರ ಹುಡುಗನ ಹೆಸರು ನಮ್ಮ ಯಾವ ಸಂಘದ ಪುಸ್ತಕದಲ್ಲೂ ಇಲ್ಲ. 1982ರ ಮುಂಬಯಿ ಬಟ್ಟೆ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅನೇಕರಿಗೆ ಆ ಕೆಲಸ ಮತ್ತೆ ಸಿಗಲೇ ಇಲ್ಲ. ಆ ಮನೆಗಳಲ್ಲಿ ಓದು ನಿಲ್ಲಿಸಿದ ಮಕ್ಕಳಿಗೆ ಛಲವಿರಲಿಲ್ಲವೆಂದೇ? ಲೋವರ್ ಪರೇಲಿನಲ್ಲಿ ಇಂದು ಗಿರಣಿಯ ಜಾಗದಲ್ಲೇ ಮಾಲ್‌ಗಳಿವೆ. ಅವುಗಳ ಗೇಟಿನಲ್ಲಿ ನಿಂತ ವಾಚ್‌ಮನ್‌ನನ್ನು ಒಮ್ಮೆ ಮಾತಾಡಿಸಿ ನೋಡಿ.

ಹನ್ನೊಂದರಲ್ಲಿ ಏಳು ಮಂದಿಯನ್ನು ನಿಲ್ಲಿಸಿದ್ದೀರಿ. ಸಣ್ಣ ಕೆಲಸವಲ್ಲ, ನಿಮಗೆ ಕೈಮುಗಿಯುತ್ತೇನೆ. ತರಗತಿ ನಿಲ್ಲಿಸಬೇಡಿ. ಈ ಸಲ ತಲೆಗೊಂದು ತಿಂಗಳ ಪಾಸು, ಅಳತೆಯ ಶೂ, ಸಂಬಳ ಬಂದ ಮೇಲೆ ಕಂತಿನಲ್ಲಿ ತೀರಿಸುವಂತೆ ಒಂದಿಷ್ಟು ಕೈಗಡ ಇವನ್ನೂ ಲೆಕ್ಕಕ್ಕೆ ಸೇರಿಸಿ. ಆ ನಾಲ್ವರ ಫೋನ್ ನಂಬರ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಈ ಭಾನುವಾರ ಅವರ ಮನೆಗೆ ಹೋಗಿ, ಏಕೆ ಬಿಟ್ಟಿರೆಂದು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ನನಗೆ ಬರೆದು ಕಳಿಸಿ.

– ಸಂಪಾದಕ