ರಾಯಚೂರಿನಲ್ಲಿ ಬಿಇ ಎಲೆಕ್ಟ್ರಿಕಲ್ ಮುಗಿಸಿದ ನನ್ನ ತಂಗಿ ಮುಂದೆ ಕಲ್ಯಾಣ ಕರ್ನಾಟಕಕ್ಕೆ ಕರೆಂಟ್ ಕೊಡುವ ಸರ್ಕಾರಿ ಕಂಪನಿ ಜೆಸ್ಕಾಂ ನಡೆಸುವ ಮಟ್ಟಕ್ಕೆ ಹೋಗಬಹುದಾ?

ಖಂಡಿತ ಹೋಗಬಹುದು. ಕಲಬುರಗಿಯಲ್ಲಿರುವ ಎಂಡಿ (ವ್ಯವಸ್ಥಾಪಕ ನಿರ್ದೇಶಕ) ಕುರ್ಚಿಗೆ ಸರ್ಕಾರ ಸಾಮಾನ್ಯವಾಗಿ ಐಎಎಸ್ ಅಧಿಕಾರಿಯನ್ನೇ ಕೂರಿಸುತ್ತದೆ. ಅದೇ ಬೇಕೆಂದರೆ ಯುಪಿಎಸ್‌ಸಿ ಬರೆಯಲಿ. ಇನ್ನೊಂದು ದಾರಿ, ಎಇ (ಸಹಾಯಕ ಎಂಜಿನಿಯರ್) ಆಗಿ ಸೇರಿ ಸಹಾಯಕ ಕಾರ್ಯನಿರ್ವಾಹಕ, ಕಾರ್ಯನಿರ್ವಾಹಕ, ಅಧೀಕ್ಷಕ, ಮುಖ್ಯ ಎಂಜಿನಿಯರ್ ಅಂತ ಮೇಲೇರುವುದು. ನಿಧಾನ, ನಿಜ. ನೇರ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ 33 ಮೀಸಲಾತಿ ಇದೆ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಸ್ಥಳೀಯ ಮೀಸಲಾತಿ ಬೇರೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ.

ನನ್ನನ್ನು ಕೇಳಿದರೆ ಎರಡನೆಯದೇ ಗಟ್ಟಿ. ಆಡಳಿತ ಎಂದರೇನು ಅಂತ ಎಇ ಕೂರುವ ಕೆಳಹಂತದ ಸೆಕ್ಷನ್ ಆಫೀಸಿನಲ್ಲೇ ಗೊತ್ತಾಗುತ್ತೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ನಾಟಿ ಹೊತ್ತಿಗೇ ಟ್ರಾನ್ಸ್‌ಫಾರ್ಮರ್ ಸುಟ್ಟಿತು ಅಂದುಕೊಳ್ಳಿ. ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಅಂತ ಕೆಇಆರ್‌ಸಿ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ನಿಯಮ. ಆದರೆ ಸ್ಟಾಕಿನಲ್ಲಿ ಇರುವುದು ಒಂದೇ, ಕಾಯುತ್ತಿರುವ ಊರು ಮೂರು. ರಿಜಿಸ್ಟರಿನಲ್ಲಿ ಮೊದಲು ಬರೆಸಿದ ಊರಿಗೆ ಕೊಡ್ತೀರಾ, ಫೋನ್ ಮಾಡಿಸಿದವರಿಗಾ? ದೊಡ್ಡವರ ಫೋನ್ ಬಂದೇ ಬರುತ್ತೆ, ಬಿಡಿ.

ಇನ್ನು ಪಂಪ್‌ಸೆಟ್. 10 ಎಚ್‌ಪಿವರೆಗೆ ಕರೆಂಟ್ ಉಚಿತ, ಹಣ ಸರ್ಕಾರ ಕಟ್ಟುತ್ತದೆ. ಹೆಚ್ಚಿನವಕ್ಕೆ ಮೀಟರೇ ಇಲ್ಲ, ಅಂದಾಜಿನ ಲೆಕ್ಕ. ಹಾಗಾಗಿ ಕಳ್ಳತನ, ಲೈನ್ ನಷ್ಟ ಎಲ್ಲ 'ರೈತರ ಬಳಕೆ' ಹೆಸರಲ್ಲಿ ಮುಚ್ಚಿಹೋಗಬಹುದು. ಟ್ರಾನ್ಸ್‌ಫಾರ್ಮರಿಗೇ ಮೀಟರ್ ಹಾಕಿ ಅದರಿಂದ ಕರೆಂಟ್ ಪಡೆಯುವವರ ಬಿಲ್‌ಗಳ ಜೊತೆ ತಾಳೆ ನೋಡಿದರೆ ಬಣ್ಣ ಬಯಲು. ಈ ತಾಳೆ ನೋಡುವ ಹಟ ಇರುವವರೇ ಕಂಪನಿ ನಡೆಸಲು ಲಾಯಕ್ಕು.

ಕೆಇಆರ್‌ಸಿ ನಡೆಸುವ ದರ ಪರಿಷ್ಕರಣೆಯ ಬಹಿರಂಗ ವಿಚಾರಣೆಗೆ ನಿಮ್ಮ ತಂಗಿಯನ್ನು ಒಮ್ಮೆ ಕಳಿಸಿ. ಸುಮ್ನೆ ಹಿಂದೆ ಕೂತು ಕೇಳಿದರೂ ಸಾಕು.